ಎತ್ತು ಮಾರಿದ ಹೊಲಕ್ಕೆ ಒಂದು ಕತ್ತೆ

ಜೂನ್ ಕೊನೆಯಲ್ಲಿ ಮಳೆ ಒಂದೆರಡು ದಿನ ಹೊಳವು ಕೊಟ್ಟರೆ ಸಾಕು, ಭದ್ರಾವತಿ, ಶಿವಮೊಗ್ಗ, ಶಿಕಾರಿಪುರದ ಮೆಕ್ಕೆಜೋಳದ ಹೊಲಗಳಲ್ಲಿ ಎಡೆಕುಂಟೆಗೆ ಅವಸರ. ಕಳೆ ಮೇಲೇಳುವ ಮೊದಲು ಸಾಲಿನ ನಡುವೆ ಕುಂಟೆ ಹೊಡೆದು ಬುಡಕ್ಕೆ ಮಣ್ಣು ಏರಿಸಬೇಕು. ಎತ್ತು ಕಟ್ಟಿದ ಮನೆ ಊರಲ್ಲಿ ಕೆಲವೇ ಉಳಿದಿವೆ. ಎದ್ದು ನಿಂತ ಬೆಳೆಯೊಳಗೆ ಟ್ರ್ಯಾಕ್ಟರ್ ಇಳಿಸುವಂತಿಲ್ಲ. ಕೊನೆಗೆ ಹಳೆಯ ಸೈಕಲ್ ಚಕ್ರಕ್ಕೆ ಕುಂಟೆ ಬೆಸೆದು ಗಂಡ ಹಿಂದಿನಿಂದ ತಳ್ಳುತ್ತಾನೆ. ಮುಂದೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೆಂಡತಿಯೋ ಮಗನೋ ಎಳೆಯುತ್ತಾರೆ. ಇದನ್ನು ರೈತನ ಜಾಣ್ಮೆ ಎಂದು ಹೊಗಳುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಸಂಕಟ. ಆ ಹಗ್ಗ ಎಳೆಯಬಲ್ಲ ಪ್ರಾಣಿ ನಮ್ಮಲ್ಲೇ ಇದೆ. ಕತ್ತೆಯನ್ನು ಹೊಲದ ಪ್ರಾಣಿ ಎಂದು ನಾವು ಲೆಕ್ಕಕ್ಕೇ ಹಿಡಿದಿಲ್ಲ.

ಭದ್ರಾವತಿಯ ನ್ಯೂ ಟೌನ್ ಬೆಳೆದದ್ದೇ ಯಂತ್ರದ ಮೇಲಿನ ನಂಬಿಕೆಯಿಂದ. 1923ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಇಂಥ ಊರಲ್ಲಿ ನಿಂತು ಯಂತ್ರ ಬೇಡ ಎಂದರೆ ಯಾರೂ ಒಪ್ಪುವುದಿಲ್ಲ, ನನ್ನ ವಾದವೂ ಅದಲ್ಲ. 2015–16ರ ಕೃಷಿ ಗಣತಿ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಯೂ ಇಲ್ಲ. ಎರಡು ಎಕರೆಯವನಿಗೆ ಲಕ್ಷ ದಾಟಿದ ಜೋಡೆತ್ತು ಸಾಕುವುದು ಹೊರೆ, ಟ್ರ್ಯಾಕ್ಟರ್ ಬಾಡಿಗೆಯೂ ಹೊರೆ. ಇವೆರಡರ ನಡುವೆ ಉಳಿಯುವ ಕೆಲಸಗಳು ಎಡೆ ಹೊಡೆಯುವುದು, ತಿಪ್ಪೆಗೊಬ್ಬರ ಸಾಗಿಸುವುದು, ಬದುವಿನ ಹುಲ್ಲು ತರುವುದು, ತೆನೆ ಮನೆ ಸೇರಿಸುವುದು. ಇವೆಲ್ಲ ಈಗ ಮನುಷ್ಯರ, ಅದರಲ್ಲೂ ಹೆಂಗಸರ ತಲೆ ಮತ್ತು ಸೊಂಟದ ಮೇಲೆ ನಡೆಯುತ್ತಿವೆ.

ಒಣ ಹುಲ್ಲು, ಜೋಳದ ಸಿಪ್ಪೆ ತಿಂದು ಬದುಕುವ, ಕಡಿಮೆ ನೀರಿಗೆ ಹೊಂದಿಕೊಳ್ಳುವ, ಒಂಟಿಯಾಗಿಯೇ ಸಾಲಿನೊಳಗೆ ನಡೆಯುವ ಪ್ರಾಣಿ ಕತ್ತೆ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತೈದು ವರ್ಷ ಬಾಳುತ್ತದೆ. ಇಥಿಯೋಪಿಯಾದಲ್ಲಿ ಸಣ್ಣ ರೈತರ ನೀರು, ಸೌದೆ, ಕಾಳಿನ ಮೂಟೆ ಹೊರುವುದು ಇದೇ. ಪಶ್ಚಿಮ ಆಫ್ರಿಕಾದ ಮರಳು ಮಿಶ್ರಿತ ಹೊಲಗಳಲ್ಲಿ ಒಂಟಿ ಕತ್ತೆ ಕಟ್ಟಿ ಕಳೆ ತೆಗೆಯುತ್ತಾರೆ. ನಮ್ಮ ತಮಿಳುನಾಡು ಗಡಿಯಾಚೆ, ಧರ್ಮಪುರಿ ಜಿಲ್ಲೆಯ ಕೋಟ್ಟೂರು ಬೆಟ್ಟಕ್ಕೆ ಮತಯಂತ್ರ ಹೊತ್ತೊಯ್ದದ್ದೂ ಕತ್ತೆಗಳೇ.

ಹಾಗೆಂದು ಎತ್ತಿನ ನೊಗವನ್ನು ತಂದು ಕತ್ತೆಯ ಮೇಲಿಟ್ಟರೆ ಆಗದು. ಎತ್ತಿಗೆ ಹಿಣಿಲು ಇದೆ, ನೊಗ ಅದಕ್ಕೆ ಆತು ನಿಲ್ಲುತ್ತದೆ. ಕತ್ತೆಗೆ ಹಿಣಿಲು ಇಲ್ಲ, ನೊಗ ಜಾರಿ ಕುತ್ತಿಗೆ ಕೆತ್ತಿ ಹುಣ್ಣಾಗುತ್ತದೆ. ಅದು ಎಳೆಯಬೇಕಾದದ್ದು ಎದೆಯಿಂದ. ಅಗಲವಾದ ಎದೆಪಟ್ಟಿ, ಅದರ ಎರಡೂ ಬದಿಯಿಂದ ಹಿಂದಿನ ಕುಂಟೆಗೆ ಹಗ್ಗ, ಒಳಗೆ ಮೆತ್ತನೆ ಬಟ್ಟೆ. ಊರಿನ ಚಮ್ಮಾರರು ಹಳೆಯ ಟಯರ್ ಪಟ್ಟಿಯಲ್ಲೇ ಇದನ್ನು ಹೊಲಿದುಕೊಡಬಲ್ಲರು. ಎರೆಮಣ್ಣಿನ ಉಳುಮೆ, ಗದ್ದೆಯ ಕೆಸರು ಇದರ ಕೆಲಸವಲ್ಲ. ಹೊರೆಗೂ ಮಿತಿಯಿದೆ. ಭಾರ ಹೊರುವ ಪ್ರಾಣಿಗಳ ಕುರಿತ 1965ರ ನಿಯಮಗಳ ಪ್ರಕಾರ ಕತ್ತೆಯ ಬೆನ್ನಿಗೆ 50 ಕೆ.ಜಿ.ಗಿಂತ ಹೆಚ್ಚು ಹೇರುವಂತಿಲ್ಲ. ಇಟ್ಟಿಗೆ ಗೂಡುಗಳಲ್ಲಿ, ಹೊಳೆದಂಡೆಯ ಮರಳು ಸಾಗಣೆಯಲ್ಲಿ ಈ ಮಿತಿ ಮುರಿಯುವುದನ್ನು ಎಲ್ಲರೂ ಕಂಡಿದ್ದಾರೆ. ಕತ್ತೆ ನೋವು ತೋರಿಸಿಕೊಳ್ಳುವುದಿಲ್ಲ. ಕುಸಿದು ಬೀಳುವವರೆಗೂ ನಡೆಯುತ್ತದೆ.

ಮಲೆನಾಡಿನವರು ಇನ್ನೊಂದು ಮಾತು ನೆನಪಿಡಬೇಕು. ಕತ್ತೆ ಒಣನಾಡಿನ ಜೀವ. ಮಳೆ ಅದರ ಕೂದಲು ದಾಟಿ ಚರ್ಮಕ್ಕಿಳಿಯುತ್ತದೆ, ಸದಾ ಹಸಿ ನೆಲದಲ್ಲಿ ನಿಂತರೆ ಗೊರಸು ಕೊಳೆಯುತ್ತದೆ. ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟಕ್ಕೆ ಇದನ್ನು ನಾನು ಶಿಫಾರಸು ಮಾಡಲಾರೆ. ಶಿಕಾರಿಪುರ, ಭದ್ರಾವತಿಯ ಪೂರ್ವ ಭಾಗ, ಆಚೆಗಿನ ಚನ್ನಗಿರಿಯ ಅರೆಮಲೆನಾಡು ಇದಕ್ಕೆ ತಕ್ಕ ಸೀಮೆ, ಅದೂ ಒಣ ಕೊಟ್ಟಿಗೆ ಇದ್ದರೆ.

ತಡ ಮಾಡಿದರೆ ಸಾಕಲು ಕತ್ತೆಯೇ ಸಿಗದು. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 3.2 ಲಕ್ಷ ಇದ್ದವು, 2019ಕ್ಕೆ 1.2 ಲಕ್ಷಕ್ಕೆ ಇಳಿದವು. ಕರ್ನಾಟಕದಲ್ಲಿ ಉಳಿದದ್ದು ಸುಮಾರು 9 ಸಾವಿರ. ಮಡಿವಾಳರ ಮನೆಯ ಬಟ್ಟೆಗಂಟು, ಭೋವಿಗಳ ಕಲ್ಲು–ಮಣ್ಣಿನ ಕೆಲಸ ಬದಲಾದದ್ದು ಒಂದು ಕಾರಣ. ಆಂಧ್ರದಲ್ಲಿ ಕಾನೂನುಬಾಹಿರವಾಗಿ ನಡೆಯುವ ಮಾಂಸದ ವ್ಯಾಪಾರ ಮತ್ತೊಂದು. ಚೀನಾದ ‘ಎಜಿಯಾವೊ’ ಔಷಧಕ್ಕಾಗಿ ನಡೆದ ಚರ್ಮದ ದಂಧೆ ಆಫ್ರಿಕಾದಲ್ಲಿ ಎಷ್ಟು ಹಾನಿ ಮಾಡಿತೆಂದರೆ, 2024ರಲ್ಲಿ ಆಫ್ರಿಕಾ ಒಕ್ಕೂಟವೇ ಅದನ್ನು ನಿಷೇಧಿಸಬೇಕಾಯಿತು.

2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜಾನುವಾರು ಮಿಷನ್‌ಗೆ ಕತ್ತೆಯನ್ನೂ ಸೇರಿಸಿ, ಶೇ 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿ ಬಂಡವಾಳ ಸಹಾಯಧನ ಪ್ರಕಟಿಸಿತು. ಒಳ್ಳೆಯದೇ. ಆದರೆ ಈ ಹಣ ತಲುಪುವುದು ದೊಡ್ಡ ಫಾರ್ಮ್ ಮಾಡುವವರಿಗೆ. ಒಂದು ಹೆಣ್ಣುಕತ್ತೆ ಕೊಳ್ಳಬೇಕೆನ್ನುವ ರೈತ ಮಹಿಳೆಗೆ ಅದರಲ್ಲಿ ಬಾಗಿಲಿಲ್ಲ. ದೊಡ್ಡ ಲಾಭದ ಆಸೆ ತೋರಿಸಿದರೆ ಏನಾಗುತ್ತದೆ ಎಂಬುದನ್ನು ಅದೇ ವರ್ಷ ಹೊಸಪೇಟೆ ಕಂಡಿತು. ಕತ್ತೆ ಹಾಲಿನ ಹೆಸರಲ್ಲಿ ರೈತರು ಲಕ್ಷಗಟ್ಟಲೆ ಹಣ ಹಾಕಿ, ಕೊನೆಗೆ ಪೊಲೀಸರ ಬಳಿ ದೂರು ಹಿಡಿದು ನಿಲ್ಲಬೇಕಾಯಿತು. ಹಾಲಿನ ಕನಸಿಗಿಂತ ದುಡಿಮೆಯ ಲೆಕ್ಕ ಗಟ್ಟಿ.

ಇನ್ನೊಂದು ತೊಡಕು ಮನಸ್ಸಿನದು. ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುವುದು ನಮ್ಮಲ್ಲಿ ಶಿಕ್ಷೆಯಾಗಿತ್ತು. ಅದನ್ನು ಸಾಕುವವರನ್ನು ಜಾತಿಯ ಕಾರಣಕ್ಕೆ ಕೀಳಾಗಿ ಕಂಡೆವು, ಅವರ ಅನುಭವವನ್ನೂ ಕಳೆದುಕೊಂಡೆವು. ಗೊರಸು ಕೆತ್ತುವುದು, ಹೊರೆ ಸಮತೂಕ ಮಾಡುವುದು ಅವರಿಗೆ ಗೊತ್ತಿರುವಷ್ಟು ಯಾವ ಪುಸ್ತಕಕ್ಕೂ ಗೊತ್ತಿಲ್ಲ. ಕಲಿಸಲು ಅವರನ್ನೇ ಸಂಬಳ ಕೊಟ್ಟು ಕರೆಯಬೇಕು.

ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಇರುವಕ್ಕಿಯಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಇವೆರಡೂ ಸೇರಿ ಬರುವ ಮುಂಗಾರಿನಲ್ಲಿ ಶಿಕಾರಿಪುರ, ಭದ್ರಾವತಿಯ ಕೆಲವು ಮೆಕ್ಕೆಜೋಳದ ಹೊಲಗಳಲ್ಲಿ ಎದೆಪಟ್ಟಿ ಕಟ್ಟಿದ ಕತ್ತೆಯ ಎಡೆಕುಂಟೆ ಪರೀಕ್ಷಿಸಲಿ. ದಿನಕ್ಕೆ ಎಷ್ಟು ಸಾಲು ಮುಗಿಯಿತು, ಮೇವಿಗೆ ಎಷ್ಟು ಖರ್ಚಾಯಿತು, ಪ್ರಾಣಿಯ ಎದೆ ಮತ್ತು ಗೊರಸು ಹೇಗಿವೆ ಎಂದು ಬರೆದಿಟ್ಟು, ಕೊಯ್ಲಿನ ಹೊತ್ತಿಗೆ ರೈತರ ಮುಂದೆ ಇಡಲಿ.