ಕೈಯಾರೆ ಕಲಿತ ವಿದ್ಯೆ

ದಡದಲ್ಲಿ ಕುಳಿತು ಈಜು ಕಲಿಯಲಾಗದು, ವಿಜ್ಞಾನವೂ ಹಾಗೆಯೇ. ಮಧ್ಯಪ್ರದೇಶದ ಅಂದಿನ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮವು ಇದಕ್ಕೆ ನಿದರ್ಶನ. ಹರೆಯಕ್ಕೆ ಕಾಲಿಡುತ್ತಿದ್ದ ಮಕ್ಕಳು ಅಲ್ಲಿ ನಾಲ್ವರಂತೆ ಗುಂಪುಗೂಡಿ ಪ್ರಯೋಗ ಮಾಡುತ್ತಿದ್ದರು. ಜಾಲಿಯ ಮುಳ್ಳೇ ಅವರಿಗೆ ಸೂಜಿ. ಕಂಡುದನ್ನು ಚರ್ಚಿಸಿ ತಾವೇ ತೀರ್ಮಾನಕ್ಕೆ ಬರುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಲು ಅನುಮತಿಯಿತ್ತು. ಅಳೆಯಬೇಕಾದುದು ವಿವೇಚನೆಯನ್ನೆಂದು ಅಧ್ಯಾಪಕರು ಬಲ್ಲರು.

ಈ ಕ್ರಮಕ್ಕೆ ಕಾಲ ಹೆಚ್ಚು ಬೇಕೆಂಬ ಆಕ್ಷೇಪವುಂಟು. ಅದು ಸುಳ್ಳಲ್ಲ. ಆದರೆ ಬೇಗ ಮುಗಿಸಿದ ಪಾಠ ಬೇಗನೆ ಮರೆತುಹೋದರೆ, ಉಳಿಸಿದ ಕಾಲದಿಂದ ಲಾಭವೇನು? ಜಿಲ್ಲೆಯಾದ್ಯಂತ ಹಬ್ಬಿದ್ದ ಆ ಕಾರ್ಯಕ್ರಮವನ್ನು ಸರ್ಕಾರವು 2002ರಲ್ಲಿ ನಿಲ್ಲಿಸಿತು. ಅದು ಕೇಳಿದ ಪ್ರಶ್ನೆ ಮಾತ್ರ ಇಂದಿಗೂ ಪ್ರತಿಯೊಂದು ಶಾಲೆಯ ಮುಂದಿದೆ: ಮಕ್ಕಳ ಕೈಗಳು ಬರೆದುಕೊಳ್ಳುವುದಕ್ಕಷ್ಟೇ ಇವೆಯೇ?