ಔಷಧತಜ್ಞನ ಸ್ಥಾನ ಎಲ್ಲಿ?

ಫಾರ್ಮಸಿಸ್ಟ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು, ವೈದ್ಯರು ಬರೆದ ಚೀಟಿಯನ್ನು ಓದಿ ಕಿಟಕಿಯ ಹಿಂದಿನಿಂದ ಮಾತ್ರೆಗಳನ್ನು ಎಣಿಸಿಕೊಡುವ ವ್ಯಕ್ತಿ. ಆಸ್ಪತ್ರೆಯ ತೀವ್ರ ನಿಗಾ ಘಟಕದ ಮಟ್ಟಿಗಾದರೂ ಈ ಚಿತ್ರವು ಬದಲಾಗತಕ್ಕದ್ದು. ಔಷಧವನ್ನು ಬಲ್ಲವನು ಅಲ್ಲಿ ಚೀಟಿ ಬರೆದಾದ ಮೇಲಲ್ಲ, ಬರೆಯುವಾಗಲೇ ರೋಗಿಯ ಹಾಸಿಗೆಯ ಬಳಿ ಇರಬೇಕು.

ಈ ಘಟಕದ ರೋಗಿಗೆ ಏಕಕಾಲದಲ್ಲಿ ಅನೇಕ ಔಷಧಗಳು ಸಲ್ಲುತ್ತಿರುತ್ತವೆ. ಅವುಗಳನ್ನು ಶರೀರದಿಂದ ಹೊರಹಾಕಬೇಕಾದ ಯಕೃತ್ತು, ಮೂತ್ರಪಿಂಡಗಳೇ ಹಲವು ವೇಳೆ ದುರ್ಬಲವಾಗಿರುತ್ತವೆ. ಜೆಂಟಮೈಸಿನ್ ಎಂಬ ಪ್ರತಿಜೀವಕವನ್ನೇ ನೋಡೋಣ. ಅದು ವಿಸರ್ಜನೆಯಾಗುವುದು ಮೂತ್ರಪಿಂಡಗಳ ಮೂಲಕ. ಮಿತಿಮೀರಿ ಸಂಚಯವಾದರೆ ಅದು ಕೆಡಿಸುವುದೂ ಆ ಮೂತ್ರಪಿಂಡಗಳನ್ನೇ, ಜೊತೆಗೆ ಕಿವಿಯನ್ನು. ನಿನ್ನೆ ಹಿತವಾಗಿದ್ದ ಪ್ರಮಾಣವು, ರಾತ್ರಿ ಮೂತ್ರಪಿಂಡಗಳು ಸೋತರೆ, ಇಂದು ವಿಷವಾದೀತು. ಇನ್ನೊಂದು ನಿದರ್ಶನ: ನುಂಗಲಾರದ ರೋಗಿಗೆ ಮಾತ್ರೆಯನ್ನು ಪುಡಿಮಾಡಿ ಮೂಗಿನ ನಳಿಕೆಯ ಮೂಲಕ ಕೊಡುವುದುಂಟು. ಆ ಮಾತ್ರೆ ದಿನವಿಡೀ ನಿಧಾನವಾಗಿ ಕರಗಲೆಂದೇ ರಚಿತವಾಗಿದ್ದರೆ, ಪುಡಿಮಾಡಿದಾಗ ಇಡೀ ದಿನದ ಔಷಧ ಸ್ವಲ್ಪ ಹೊತ್ತಿನಲ್ಲಿಯೇ ರಕ್ತವನ್ನು ಸೇರಬಹುದು. ಇಂಥ ವಿಷಯಗಳನ್ನು ಪ್ರತಿದಿನವೂ, ಪ್ರತಿಯೊಬ್ಬ ರೋಗಿಗೂ ಲೆಕ್ಕಹಾಕಲು ಅದೇ ವಿದ್ಯೆಯಲ್ಲಿ ಪಳಗಿದವರು ಬೇಕು.

ಇದು ಬರಿಯ ಊಹೆಯಲ್ಲ. ಅಮೆರಿಕದ ಬಾಸ್ಟನ್ ನಗರದ ದೊಡ್ಡ ಬೋಧನಾ ಆಸ್ಪತ್ರೆಯೊಂದರಲ್ಲಿ ಲೂಷನ್ ಲೀಪ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವು ೧೯೯೯ರಲ್ಲಿ ಪ್ರಕಟವಾಯಿತು. ಅಲ್ಲಿನ ಒಂದು ತೀವ್ರ ನಿಗಾ ಘಟಕದಲ್ಲಿ ಅನುಭವಿ ಫಾರ್ಮಸಿಸ್ಟರೊಬ್ಬರು ವೈದ್ಯರೊಡನೆ ರೋಗಿಗಳನ್ನು ನೋಡಲು ಹೋಗತೊಡಗಿದರು. ಔಷಧವನ್ನು ವಿಧಿಸುವಾಗಿನ ತಪ್ಪುಗಳಿಂದ ಆಗುತ್ತಿದ್ದ, ತಡೆಯಬಹುದಾದ ಹಾನಿಯ ಪ್ರಸಂಗಗಳು, ರೋಗಿಗಳು ಅಲ್ಲಿ ಕಳೆದ ಸಾವಿರ ದಿನಗಳಿಗೆ ೧೦.೪ರಿಂದ ೩.೫ಕ್ಕೆ ಇಳಿದವು. ಫಾರ್ಮಸಿಸ್ಟರು ಹೀಗೆ ಜೊತೆಗೂಡದಿದ್ದ ಮತ್ತೊಂದು ಘಟಕದಲ್ಲಿ ಇಂಥ ಇಳಿತ ಕಾಣಲಿಲ್ಲ.

ವೈದ್ಯರ ಅಧಿಕಾರಕ್ಕೆ ಇದರಿಂದ ಕುಂದು ಬಾರದೇ ಎಂದು ಕೆಲವರು ಶಂಕಿಸಬಹುದು. ಆ ಫಾರ್ಮಸಿಸ್ಟರು ಕೊಟ್ಟ ೩೬೬ ಸಲಹೆಗಳಲ್ಲಿ ೩೬೨ನ್ನು ವೈದ್ಯರು ಒಪ್ಪಿಕೊಂಡರು. ನಿರ್ಣಯವು ವೈದ್ಯರದಾಗಿಯೇ ಉಳಿಯಿತು. ಅದು ತಪ್ಪದಂತೆ ನೋಡಲು ಇನ್ನೊಂದು ಜೊತೆ ಕಣ್ಣು ದೊರೆಯಿತು, ಅಷ್ಟೆ. ವೆಚ್ಚ ಹೆಚ್ಚುವುದೆಂಬುದು ಎರಡನೆಯ ಆಕ್ಷೇಪ. ಕೆಟ್ಟ ಮೂತ್ರಪಿಂಡಕ್ಕೆ ಮಾಡಬೇಕಾದ ಚಿಕಿತ್ಸೆಯ ವೆಚ್ಚವನ್ನೂ, ಅದನ್ನು ಭರಿಸುವ ಕುಟುಂಬದ ಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿಯದೆ ಈ ಮಾತನ್ನು ಆಡಲಾಗದು.

ನಮ್ಮ ದೇಶದಲ್ಲಿ ಇಂಥವರನ್ನು ಸಿದ್ಧಪಡಿಸುವ ಫಾರ್ಮ್.ಡಿ. ಶಿಕ್ಷಣಕ್ರಮ ೨೦೦೮ರಲ್ಲಿ ಜಾರಿಗೆ ಬಂದಿತು. ಅದರ ಅವಧಿ ಆರು ವರ್ಷ. ಕೊನೆಯ ವರ್ಷವೆಲ್ಲ ಆಸ್ಪತ್ರೆಯ ತರಬೇತಿ. ಇಷ್ಟು ಕಲಿತವರನ್ನು ಮತ್ತೆ ಕಿಟಕಿಯ ಹಿಂದೆ ಕೂರಿಸುವುದು ಯಾವ ನ್ಯಾಯ? ದೊಡ್ಡ ಆಸ್ಪತ್ರೆಗಳು, ಮುಖ್ಯವಾಗಿ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು, ತಮ್ಮ ತೀವ್ರ ನಿಗಾ ಘಟಕಕ್ಕೆ ಒಬ್ಬ ಕ್ಲಿನಿಕಲ್ ಫಾರ್ಮಸಿಸ್ಟರನ್ನಾದರೂ ನೇಮಿಸಿ, ಬೆಳಗಿನ ರೋಗಿಪರೀಕ್ಷೆಯಲ್ಲಿ ಅವರಿಗೂ ಸ್ಥಾನ ಕೊಡಲಿ.