ನೀರಿಗಿಳಿದು ಓದುವ ಕವಿತೆ

ಪ್ರತಿಷ್ಠಾಪನಾ ಕಲೆಯ ಬಗ್ಗೆ ಕಲಾ ವಿದ್ಯಾರ್ಥಿಗಳಿಗಿರುವ ಮೆಚ್ಚುಗೆಯನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವವರು 2016ರ ಕೊಚ್ಚಿ ಬಿನಾಲೆಯನ್ನು ನೆನೆಯಲಿ. ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ ಸಂಯೋಜಿಸಿದ ಆ ಪ್ರದರ್ಶನದಲ್ಲಿ ಚಿಲಿಯ ಕವಿ ರೌಲ್ ಸುರಿಟಾ ಆಸ್ಪಿನ್‌ವಾಲ್ ಹೌಸ್‌ನ ಉಗ್ರಾಣದೊಳಗೆ ಸಮುದ್ರದ ನೀರು ತುಂಬಿಸಿದ್ದರು. ಗೋಡೆಯ ಸಾಲುಗಳನ್ನು ಓದಬೇಕೆಂದರೆ ಚಪ್ಪಲಿ ಬಿಟ್ಟು, ಬಟ್ಟೆ ಎತ್ತಿಕಟ್ಟಿ ಇಳಿಯಲೇಬೇಕಿತ್ತು. ಆಚೆ ತುದಿಯಲ್ಲಿ, ಸಮುದ್ರದಲ್ಲಿ ಮುಳುಗಿ ಸತ್ತ ಸಿರಿಯಾದ ನಿರಾಶ್ರಿತ ಬಾಲಕ ಗಾಲಿಪ್ ಕುರ್ದಿಗೆಂದು ಬರೆದ ಕವಿತೆ. ಜಗತ್ತು ನೋಡಿದ್ದು ದಡದಲ್ಲಿ ಬಿದ್ದಿದ್ದ ಅವನ ತಮ್ಮ ಅಲನ್‌ನ ಚಿತ್ರವನ್ನು. ಜೊತೆಗೇ ಮುಳುಗಿದ ಅಣ್ಣ ಮರೆಗೆ ಸರಿದಿದ್ದ.

ಇದರಲ್ಲಿ ಕೈಚಳಕವೆಲ್ಲಿದೆ, ಬರೀ ಗಿಮಿಕ್ ಎನ್ನುವವರಿದ್ದಾರೆ. ಸೆಲ್ಫಿಗೆ ಹೇಳಿ ಮಾಡಿಸಿದ ಜಾಗ ಎಂಬುದೂ ಸುಳ್ಳಲ್ಲ ಅನ್ನಿ. ಆದರೆ ನೀರನ್ನು ಬಸಿದುಬಿಟ್ಟರೆ ಉಳಿಯುವುದು ಗೋಡೆಬರಹವಷ್ಟೇ. ಹೆಜ್ಜೆಯನ್ನು ತಡೆದು ನಿಧಾನಗೊಳಿಸುವ ಆ ನೀರೇ ಇಲ್ಲಿನ ಕುಸುರಿ. ಕುಂಚ ಹಿಡಿಯಲು ಕಲಿಯುತ್ತಿರುವವರು ಇಂಥದ್ದನ್ನು ಮೆಚ್ಚಿದರೆ, ಅವರು ಮೆಚ್ಚಿದ್ದು ಮಾಧ್ಯಮದ ಹದವನ್ನೇ.